ನಂದಿ ಬೆಟ್ಟದಲ್ಲಿ ಸ್ವಿಫ್ಟ್ ಹಕ್ಕಿ ಎಣಿಸುತ್ತಾ

ಮೊದಲು ಕೇಳಿಸಿದ್ದು ಸದ್ದು. ಟಿಪ್ಪು ಡ್ರಾಪ್ ಅನ್ನುವ ಕಡಿದಾದ ಬಂಡೆಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ಕಿವಿ ಪಕ್ಕದಲ್ಲೇ ಬಟ್ಟೆ ಹರಿದ ಹಾಗೆ ಸರ್ ಅಂತು. ತಿರುಗುವಷ್ಟರಲ್ಲಿ ಹಕ್ಕಿ ಬಂಡೆಯ ಕೆಳಗಿತ್ತು. ಕುಡುಗೋಲಿನಂಥ ರೆಕ್ಕೆ. ಮತ್ತೆ ಮೇಲೆ ಬಂದಾಗ ಬಿಳಿ ಹೊಟ್ಟೆ, ಎದೆಗೆ ಅಡ್ಡವಾಗಿ ಕಂದು ಪಟ್ಟಿ ಕಂಡಿತು. ಆಲ್ಪೈನ್ ಸ್ವಿಫ್ಟ್!

ನಮ್ಮ ಚಿಕ್ಕಬಳ್ಳಾಪುರ ಪೇಟೆಯಲ್ಲಿ ಸಂಜೆ ಕಿರುಚುತ್ತಾ ಸುತ್ತುವುದು ಲಿಟಲ್ ಸ್ವಿಫ್ಟ್. ಅದು ಚಿಕ್ಕದು, ಹೊಟ್ಟೆ ಕಪ್ಪು, ಬಾಲದ ಬುಡದಲ್ಲಿ ಬಿಳಿ. ಆಲ್ಪೈನ್ ರೆಕ್ಕೆ ಬಿಚ್ಚಿದರೆ ಅರ್ಧ ಮೀಟರಿಗೂ ಜಾಸ್ತಿ. ಇನ್ನು ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿದ್ದರೆ ಅದು ಸ್ವಿಫ್ಟ್ ಅಲ್ಲವೇ ಅಲ್ಲ, ಕವಲುತೋಕೆ. ಸ್ವಿಫ್ಟ್ ಕಾಲಿಗೆ ತಂತಿ ಹಿಡಿದು ಕೂರಲು ಬರುವುದಿಲ್ಲ. ಬಂಡೆಗೆ ಉಗುರು ಸಿಕ್ಕಿಸಿ ಜೋತು ಬೀಳುತ್ತದೆ, ಅಷ್ಟೆ.

ಎಣಿಸುವುದರಲ್ಲಿ ಮೊದಲು ತಪ್ಪು ಮಾಡಿದೆ. ಕಣ್ಣ ಮುಂದೆ ಹಾದುಹೋದದ್ದನ್ನೆಲ್ಲ ಕೂಡುತ್ತಾ ಹೋದೆ. ಅವೇ ಹಕ್ಕಿಗಳು ಸುತ್ತು ಹೊಡೆದು ಮತ್ತೆ ಮತ್ತೆ ಬರುತ್ತವೆ ಅಂತ ಆಮೇಲೆ ಹೊಳೆಯಿತು. ಆ ಲೆಕ್ಕವನ್ನೆಲ್ಲ ಅಳಿಸಿದೆ. ಈಗ ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲುತ್ತೇನೆ. ಒಂದೇ ನೋಟಕ್ಕೆ ಒಟ್ಟಿಗೆ ಕಂಡ ಅತಿ ದೊಡ್ಡ ಸಂಖ್ಯೆ ಮಾತ್ರ ಬರೆಯುತ್ತೇನೆ. ಗುಂಪು ದೊಡ್ಡದಾದರೆ ಫೋಟೊ ತೆಗೆದು ಮನೆಯಲ್ಲಿ ಎಣಿಸುತ್ತೇನೆ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಆಲ್ಪೈನ್ ಸ್ವಿಫ್ಟ್ 'ಲೀಸ್ಟ್ ಕನ್ಸರ್ನ್'. ಅಂದರೆ ಸದ್ಯಕ್ಕೆ ಅಳಿಯುವ ಭಯವಿಲ್ಲ. ದಕ್ಷಿಣ ಯುರೋಪ್, ಆಫ್ರಿಕಾದಿಂದ ಹಿಡಿದು ಶ್ರೀಲಂಕಾದವರೆಗೂ ಹರಡಿರುವ ಹಕ್ಕಿ. "ಹಾಗಾದ್ರೆ ನೀವ್ಯಾಕೆ ಎಣಿಸ್ತೀರಿ ಸಾರ್?" ಅಂತ ಬೆಟ್ಟದಲ್ಲಿ ಜೋಳ ಸುಡುವ ಹುಡುಗ ಕೇಳಿದ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಅಷ್ಟರಲ್ಲಿ ಶೇ 30ರಷ್ಟು ಇಳಿದರೆ ಆ ಹಕ್ಕಿಯನ್ನು 'ವಲ್ನರಬಲ್', ಅಂದರೆ ಅಳಿವಿನ ಅಪಾಯದಲ್ಲಿರುವುದು ಅನ್ನುತ್ತಾರೆ. ಇಳಿದಿದೆ ಅನ್ನಬೇಕಾದರೆ ಮೊದಲು ಎಷ್ಟಿತ್ತು ಅಂತ ಯಾರಾದರೂ ಬರೆದಿಟ್ಟಿರಬೇಕು, ಅಲ್ವಾ? ಅವನಿಗೆ ಇದನ್ನೇ ಹೇಳಿದೆ.

ಒಂದು ದಿನದ ಲೆಕ್ಕ ನಂಬುವ ಹಾಗಿಲ್ಲ. ಈ ಹಕ್ಕಿ ಆರು ತಿಂಗಳಿಗೂ ಹೆಚ್ಚು ಕಾಲ ನೆಲಕ್ಕೆ ಇಳಿಯದೆ ಹಾರಬಲ್ಲದು ಅಂತ ಸ್ವಿಟ್ಜರ್ಲೆಂಡ್‌ನ ಸಂಶೋಧಕರು 2013ರಲ್ಲಿ ತೋರಿಸಿದರು. ಬೆಳಿಗ್ಗೆ ನಂದಿಯಲ್ಲಿದ್ದದ್ದು ಮಧ್ಯಾಹ್ನಕ್ಕೆ ಎಲ್ಲಿರುತ್ತದೋ! ಅದಕ್ಕೇ ಮತ್ತೆ ಮತ್ತೆ ಹೋಗುತ್ತೇನೆ.

ಹೋದ ತಿಂಗಳು ಮೂರು ಸಲ ಹತ್ತಿದೆ. ಎರಡು ಸಲ ಒಂದೂ ಕಾಣಲಿಲ್ಲ. ಆ ಎರಡು ದಿನ ಕಂಡ ಹಕ್ಕಿಗಳ ಪೂರ್ತಿ ಪಟ್ಟಿಯನ್ನೂ ಹಕ್ಕಿ ನೋಡುವವರು ಲೆಕ್ಕ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದೆ, ಕಾಣದ್ದೂ ಲೆಕ್ಕವೇ. ಮೂರನೇ ಸಲ ಮಳೆ ಮೋಡದ ಕೆಳಗೆ, ಒಟ್ಟಿಗೆ 17.