ಬಾಗಿಲು ತಟ್ಟಿ ಓಟು ಹಾಕಿಸುವುದು ಹೇಗೆ

ಅಮೆರಿಕದ 2020ರ ಅಧ್ಯಕ್ಷ ಚುನಾವಣೆಯಲ್ಲಿ ನಮ್ಮ ಜಾರ್ಜಿಯಾ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಓಟು ಹಾಕಿದರು. ಬೈಡನ್ ಗೆದ್ದದ್ದು 11,779 ಓಟಿನಿಂದ. ಅಷ್ಟೇ ಅಂತರಕ್ಕೆ ರಾಜ್ಯದ 16 ಎಲೆಕ್ಟೋರಲ್ ಓಟುಗಳೂ (ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯಕ್ಕೆ ಇಷ್ಟು ಅಂತ ಹಂಚಿದ ಓಟುಗಳು) ಅವರ ಪಾಲಾದವು. 2000ದಲ್ಲಿ ಫ್ಲಾರಿಡಾದ ಅಂತರ ಬರೀ 537. ನೀವು ಯಾವ ಪಕ್ಷದವರಾದರೂ ಸರಿ, ನಿಮ್ಮ ಬೀದಿಯ ನಾಲ್ಕು ಬಾಗಿಲು ತಟ್ಟುವುದಕ್ಕೆ ಇಷ್ಟು ಕಾರಣ ಸಾಕು.

ನಾನಿರುವುದು ಗ್ವಿನೆಟ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಅಮೆರಿಕದ ಪೌರತ್ವ ಸಿಕ್ಕ ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ.

ಮೊದಲು ನೋಂದಣಿ. ಇಲ್ಲಿ ಚುನಾವಣೆಗೆ ಸುಮಾರು ಒಂದು ತಿಂಗಳ ಮೊದಲೇ ಗಡುವು ಮುಗಿಯುತ್ತದೆ. 2024ರಲ್ಲಿ ಅದು ಅಕ್ಟೋಬರ್ 7. ವಿಸ್ಕಾನ್ಸಿನ್ ರಾಜ್ಯದಲ್ಲಾದರೆ ಮತದಾನದ ದಿನವೂ ಹೆಸರು ಸೇರಿಸಬಹುದು, ಇಲ್ಲಿ ಆಗುವುದಿಲ್ಲ. ಅದಕ್ಕೇ ಆಗಸ್ಟ್‌ನಲ್ಲೇ ಶುರು ಮಾಡಿ. ಅರ್ಜಿ ತುಂಬಿಸಿಕೊಂಡ ಮೇಲೆ ಅವರು ಅಲ್ಲೇ ನಿಂತಿರುವಾಗ ಸಹಿ ಇದೆಯಾ, ಹುಟ್ಟಿದ ದಿನಾಂಕ ಇದೆಯಾ ನೋಡಿ. ತುಂಬಿದ ಅರ್ಜಿಯನ್ನು ಯಾವ ಕಾರಣಕ್ಕೂ ಬಿಸಾಡಬೇಡಿ, ತಡ ಮಾಡದೆ ತಲುಪಿಸಿ. ನೋಂದಣಿಗೆ ದುಡ್ಡು ಕೊಡುವುದು ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನಡಿ ಅಪರಾಧ. ಇನ್ನು, ಗ್ರೀನ್ ಕಾರ್ಡ್ ಇರುವವರ (ಕಾಯಂ ಆಗಿ ನೆಲೆಸಬಹುದು, ಆದರೆ ಇನ್ನೂ ಪೌರರಲ್ಲ) ಕೈಗೆ ಈ ಅರ್ಜಿ ಕೊಡಲೇಬೇಡಿ. ಗೊತ್ತಿಲ್ಲದೆ ಸಹಿ ಹಾಕಿದರೂ ಅವರಿಗೆ ಮುಂದೆ ಸಿಗಬೇಕಾದ ಪೌರತ್ವಕ್ಕೇ ಸಂಚಕಾರ ಬರಬಹುದು. ನಮ್ಮವರಲ್ಲಿ ಗ್ರೀನ್ ಕಾರ್ಡ್‌ನವರು ಜಾಸ್ತಿ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ನಾನು ಮಾಡಿದ ತಪ್ಪೊಂದಿದೆ. ನಮ್ಮ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಒಬ್ಬರನ್ನು "ನೋಂದಣಿ ಆಗಿದೆಯಾ?" ಅಂತ ಕೇಳಿದೆ. "ಆಗಿದೆ" ಅಂದರು. ಸುಮ್ನೆ ಮುಂದೆ ಹೋದೆ. ಅವರ ಹೆಸರಿದ್ದದ್ದು ಹಳೇ ಮನೆಯ ವಿಳಾಸದಲ್ಲಿ, ಡಿಕಾಲ್ಬ್ ಕೌಂಟಿಯಲ್ಲಿ. ಮತಗಟ್ಟೆಗೆ ಹೋದಾಗಲೇ ಅವರಿಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಗಡುವು ಮುಗಿದು ತಿಂಗಳಾಗಿತ್ತು. ಅವತ್ತಿನಿಂದ ನಾನು ಕೇಳುವ ಮೊದಲ ಪ್ರಶ್ನೆಯೇ ಬೇರೆ: "ಈ ಮನೆಗೆ ಬಂದು ಎಷ್ಟು ದಿನ ಆಯ್ತು?" ಬಾಡಿಗೆ ಮನೆಗಳಿರುವ ಕಡೆ ಈ ಒಂದು ಪ್ರಶ್ನೆಯಿಂದ ಎಷ್ಟೋ ಹೆಸರು ಸರಿಹೋಗುತ್ತವೆ. ಅಲ್ಲೇ ಫೋನ್ ತೆಗೆಸಿ, ರಾಜ್ಯದ ಮತದಾರರ ಪುಟದಲ್ಲಿ ವಿಳಾಸ ನೋಡಿಸಿ.

ಹೆಸರಿದ್ದರೂ ಎಲ್ಲರೂ ಬಂದು ಓಟು ಹಾಕುವುದಿಲ್ಲ, ಅಲ್ವಾ? ಅವರನ್ನು ಕರೆತರುವ ಕೆಲಸಕ್ಕೆ ಫೋನಿಗಿಂತ ಕಾಲ್ನಡಿಗೆಯೇ ಮೇಲು. 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ರಾಜಕೀಯ ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಮನೆಗೇ ಹೋಗಿ ಮಾತಾಡಿಸಿದಲ್ಲಿ ಮತದಾನ ಚೆನ್ನಾಗಿ ಏರಿತು. ಕಾಲ್ ಸೆಂಟರಿನ ಕರೆಗಳಿಂದ ಏನೂ ಆಗಲಿಲ್ಲ.

ಬಾಗಿಲಲ್ಲಿ ಭಾಷಣ ಬೇಡ. ಯಾವಾಗ, ಹೇಗೆ ಹೋಗುತ್ತೀರಿ ಅಂತ ಕೇಳಿ. ಹೋದ ಸಲ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಸಿಕ್ಕಿದ್ದ.

"ಓಟು ಹಾಕ್ತೀರಾ?"

"ಖಂಡಿತ. ಮಂಗಳವಾರ, ಮತದಾನದ ದಿನವೇ."

"ಮಂಗಳವಾರ ಡ್ಯೂಟಿ ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಆರೂವರೆಯಿಂದ ಸಂಜೆ ಏಳು..." ಅಂದವನು ಅಲ್ಲಿಗೇ ನಿಲ್ಲಿಸಿದ. ಇಲ್ಲಿ ಮತಗಟ್ಟೆ ತೆರೆಯುವುದು ಏಳಕ್ಕೆ, ಮುಚ್ಚುವುದೂ ಸಂಜೆ ಏಳಕ್ಕೆ. ಅವನು ಅಷ್ಟು ದಿನ ಲೆಕ್ಕವನ್ನೇ ಹಾಕಿರಲಿಲ್ಲ. ಮುಂಗಡ ಮತದಾನಕ್ಕೆ ಎರಡು ಶನಿವಾರ ಇರುತ್ತವೆ ಅಂತ ಹೇಳಿದೆ. ಮೊದಲನೆಯದನ್ನೇ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಕೊಂಡ. ಗುರುತಿನ ಚೀಟಿ ತಗೊಂಡು ಹೋಗೋದನ್ನ ಮರೀಬೇಡ ಅಂದೆ. ಆ ಶನಿವಾರ ಮಧ್ಯಾಹ್ನ "ಓಟು ಹಾಕಿದೆ" ಅನ್ನುವ ಸ್ಟಿಕರ್ ಅಂಟಿಸಿಕೊಂಡ ಫೋಟೋ ಕಳಿಸಿದ.

ಯಾರು ಓಟು ಹಾಕಿದ್ದಾರೆ ಅನ್ನುವುದು ಸಾರ್ವಜನಿಕ ದಾಖಲೆ. ಯಾರಿಗೆ ಹಾಕಿದರು ಅನ್ನುವುದು ಮಾತ್ರ ಗುಟ್ಟು. ಮುಂಗಡ ಮತದಾನ ನಡೆಯುವಾಗ ಹಾಕಿದವರ ಹೆಸರನ್ನು ನಿಮ್ಮ ಪಟ್ಟಿಯಿಂದ ಹೊಡೆದು ಹಾಕುತ್ತಾ ಬನ್ನಿ. ಉಳಿದವರ ಮನೆಗೆ ಇನ್ನೊಂದು ಸಲ ಹೋಗಿ.

ಮಂಗಳವಾರ ರಾತ್ರಿಗೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅಂಚೆ ಮತದಲ್ಲಿ ಸಹಿ ಬಿಟ್ಟುಹೋಗಿದ್ದರೆ ಸರಿಪಡಿಸಲು ಇನ್ನೂ ಮೂರು ದಿನ ಇರುತ್ತದೆ. ಅಂಥವರಿಗೆ ಫೋನ್ ಮಾಡಿ, ಬೇಕಿದ್ದರೆ ಕಾರಿನಲ್ಲಿ ಕೂರಿಸಿಕೊಂಡು ಕೌಂಟಿ ಕಚೇರಿಗೆ ಬಿಟ್ಟುಬನ್ನಿ. ಶುಕ್ರವಾರದವರೆಗೂ ಪಟ್ಟಿ ಕೈಯಲ್ಲೇ ಇರಲಿ.