ಕಿಲ್‌ಬೆಗನ್ ಸಂಜೆ: ಐದು ಗ್ಲಾಸು, ತಲಾ 15 ಎಂಎಲ್

ವಿಸ್ಕಿ ಟೇಸ್ಟಿಂಗ್ (ರುಚಿ ನೋಡುವ ಸಂಜೆ) ನಡೆಸುವವರು ಸಾಮಾನ್ಯವಾಗಿ ಬಾಟಲಿಗಳನ್ನು ವಯಸ್ಸು ನೋಡಿಯೋ ಬೆಲೆ ನೋಡಿಯೋ ಜೋಡಿಸುತ್ತಾರೆ. ಕಿಲ್‌ಬೆಗನ್ ಎಂಬ ಐರಿಷ್ ವಿಸ್ಕಿಯ ಸಂಜೆಗೆ ನಾನು ಧಾನ್ಯ ನೋಡಿ ಜೋಡಿಸಿದೆ. ಡಬ್ಲಿನ್‌ನಲ್ಲಿ ಇದೇ ಕೆಲಸ ಮಾಡುವ ಗೆಳೆಯರು ನಕ್ಕರು: 'ಹದಿನೆಂಟು ವರ್ಷದ್ದು ಒಂದೂ ಇಲ್ಲ, ಅಂಗಡಿಯಲ್ಲಿ ಸಿಗೋ ಬಾಟಲಿಗೆ ಯಾರು ಟಿಕೆಟ್ ತಗೊಳ್ತಾರೆ?' ತಗೊಂಡರು. ನಕ್ಕವರಲ್ಲೇ ಕೆಲವರು ಈಗ ಇದೇ ಸಾಲು ಇಡುತ್ತಿದ್ದಾರೆ.

ಮೊದಲು ಸಿಂಗಲ್ ಗ್ರೇನ್ (ಒಂದೇ ಭಟ್ಟಿಯ ಧಾನ್ಯದ ವಿಸ್ಕಿ), ಮುಕ್ಕಾಲು ಮೂರು ಪಾಲು ಮೆಕ್ಕೆಜೋಳವೇ. ಎರಡನೆಯದು ಸಾದಾ ಬ್ಲೆಂಡ್, ಅಂದರೆ ಬೆರಕೆ ವಿಸ್ಕಿ. ಮೂರನೆಯದು ತಾಮ್ರದ ಹಂಡೆಯಲ್ಲಿ ಇಳಿಸುವ ಸಿಂಗಲ್ ಪಾಟ್ ಸ್ಟಿಲ್: ಮೊಳಕೆ ಬರಿಸಿದ ಬಾರ್ಲಿ, ಹಸಿ ಬಾರ್ಲಿ, ಜೊತೆಗೆ ಎರಡೂವರೆ ಪರ್ಸೆಂಟ್ ಓಟ್ಸ್. ನಾಲ್ಕನೆಯದು ಸ್ಮಾಲ್ ಬ್ಯಾಚ್ ರೈ, ಅದರಲ್ಲಿ ರೈ ಎಂಬ ಧಾನ್ಯದ ಪಾಲು 30 ಪರ್ಸೆಂಟ್. ಕೊನೆಗೆ ಹೊಗೆ ವಾಸನೆಯ ವಿಸ್ಕಿ ಕಾನೆಮಾರಾ. ಇದನ್ನು ಮಾತ್ರ ಯಾವ ಕಾರಣಕ್ಕೂ ಮುಂದೆ ತರಬೇಡಿ. ಹೊಗೆ ಒಮ್ಮೆ ನಾಲಿಗೆಗೆ ಕೂತರೆ ಓಟ್ಸಿನ ಗಂಜಿಯಂಥ ನುಣುಪು ಯಾರಿಗೂ ಸಿಗುವುದಿಲ್ಲ, ಪಾಟ್ ಸ್ಟಿಲ್‌ಗೆ ಕೊಟ್ಟ ದುಡ್ಡು ನೀರುಪಾಲು.

ಈ ಸಾಲಿನ ಗುಟ್ಟು ಲೇಬಲ್‌ನಲ್ಲಿದೆ. ಕಿಲ್‌ಬೆಗನ್ ಎಂದು ಬರೆದಿದ್ದೆಲ್ಲ ಕಿಲ್‌ಬೆಗನ್‌ನಲ್ಲಿ ಇಳಿಸಿದ್ದಲ್ಲ. ವೆಸ್ಟ್‌ಮೀತ್ ಕೌಂಟಿಯ ಬ್ರಾಸ್ನಾ ನದಿ ದಂಡೆಯ ಈ ಭಟ್ಟಿ 1757ರದ್ದು. 1950ರ ದಶಕದಲ್ಲಿ ಒಲೆ ಆರಿತು, 80ರ ದಶಕದಲ್ಲಿ ಊರಿನವರೇ ಮ್ಯೂಸಿಯಂ ಮಾಡಿ ಉಳಿಸಿಕೊಂಡರು. 2007ರಲ್ಲಿ, 250 ತುಂಬಿದ ವರ್ಷ, ಕೂಲಿ (Cooley) ಡಿಸ್ಟಿಲರಿಯವರು ಮತ್ತೆ ಬೆಂಕಿ ಹಾಕಿದರು. ನಮ್ಮ ಒಂದನೇ, ಎರಡನೇ, ಐದನೇ ಗ್ಲಾಸು ಲೌತ್ ಕೌಂಟಿಯ ಆ ಕೂಲಿ ಭಟ್ಟಿಯ ಸರಕು. ಪಾಟ್ ಸ್ಟಿಲ್ ಮತ್ತು ರೈ ಮಾತ್ರ ಕಿಲ್‌ಬೆಗನ್‌ನದೇ ತಾಮ್ರದ ಹಂಡೆಯಿಂದ ಬಂದವು. ಇದನ್ನು ಮುಚ್ಚಿಟ್ಟು 'ಪುನರ್ಜನ್ಮದ ವಿಸ್ಕಿ' ಎಂದು ಬ್ಲೆಂಡ್ ಸುರಿಯುವವರಿದ್ದಾರೆ. ನಾನು ಎರಡನೇ ಗ್ಲಾಸಿಗೇ ಹೇಳಿಬಿಡುತ್ತೇನೆ. ಹಾಗೆ ಹೇಳಿದ ಮೇಲೆ ಮೂರನೆಯದನ್ನು ಎತ್ತುವ ಕೈ ನಿಧಾನವಾಗುತ್ತದೆ, ಮೂಗು ಒಳಗಿಳಿಯುತ್ತದೆ. 1866ರಲ್ಲಿ ಬಾಯ್ಲರ್ ಕೆಟ್ಟು ಮಾಲೀಕ ಜಾನ್ ಲಾಕ್ ಕೈಚೆಲ್ಲಿದಾಗ ಊರವರು ಸೇರಿ ಹೊಸ ಬಾಯ್ಲರ್ ಕೊಡಿಸಿದ ಕಥೆಯನ್ನೂ ಆ ಬಿಡುವಿಗೇ ಇಟ್ಟುಕೊಳ್ಳಿ, ಎರಡು ನಿಮಿಷ ಸಾಕು. ಈ ಭಟ್ಟಿಯ ಮಾರಾಟದಲ್ಲಿ ರಾಜಕಾರಣಿಗಳ ಹೆಸರು ಬಂದ 1947ರ ಹಗರಣ ಎತ್ತಿದರೆ ಮಾತು ರಾಜಕೀಯಕ್ಕೆ ಹೋಗುತ್ತದೆ, ಗ್ಲಾಸು ಹಾಗೇ ಉಳಿಯುತ್ತದೆ.

ಅಳತೆ 15 ಎಂಎಲ್, ಕಣ್ಣಳತೆ ಬೇಡ. 20 ಜನಕ್ಕೆ ಒಂದೊಂದು ಬಾಟಲಿಯಿಂದ 300 ಎಂಎಲ್ ಹೋಗುತ್ತದೆ. 700 ಎಂಎಲ್ ಬಾಟಲಿ ಎರಡು ಸಂಜೆಗೆ ಬಂದು, ಚೆಲ್ಲಿದ್ದಕ್ಕೆ, 'ಇನ್ನೊಂಚೂರು ಹಾಕ್ರೀ' ಅನ್ನುವವರಿಗೆ 100 ಉಳಿಯುತ್ತದೆ. ತಲಾ 75 ಎಂಎಲ್ ಅಂದರೆ ಐರ್ಲೆಂಡ್ ಲೆಕ್ಕದಲ್ಲಿ ಎರಡೂವರೆ ಸ್ಟ್ಯಾಂಡರ್ಡ್ ಡ್ರಿಂಕ್ (ಒಂದಕ್ಕೆ 10 ಗ್ರಾಂ ಆಲ್ಕೊಹಾಲ್). ಕಾರು ತಂದವರ ಮುಂದೆ ಉಗುಳುವ ಲೋಟ ಇರಲೇಬೇಕು. ಮೊದಲ ಗ್ಲಾಸಿಗೆ 'ಇಷ್ಟೇನಾ?' ಎಂಬ ಗೊಣಗಾಟ ಗ್ಯಾರಂಟಿ, ನಾಲ್ಕನೆಯದಕ್ಕೆ ಅದು ನಿಲ್ಲುವುದೂ ಗ್ಯಾರಂಟಿ.

ಸುರಿಯುವುದು ಇಪ್ಪತ್ತು ನಿಮಿಷ ಮುಂಚೆ, ಮೇಲೊಂದು ಕೋಸ್ಟರ್ ಮುಚ್ಚಿ. ಬಾಯಿ ತೆರೆದು ಒಂದು ಗಂಟೆ ಬಿಟ್ಟರೆ ಗ್ರೇನ್‌ನ ಹಗುರ ಪರಿಮಳ ಹಾರಿಹೋಗಿ ಬರೀ ಮರದ ಒಗರು ಉಳಿಯುತ್ತದೆ. ಗ್ಲೆನ್‌ಕೇರ್ನ್ ಎಂಬ ಟುಲಿಪ್ ಆಕಾರದ ವಿಸ್ಕಿ ಗ್ಲಾಸನ್ನು ಬಿಸಿನೀರಲ್ಲಿ ತೊಳೆದು ನೆಟ್ಟಗೆ ಆರಲು ಬಿಡಿ. ಬೋರಲು ಹಾಕಿದರೆ ಕಪಾಟಿನ ಕಮಟು ಒಳಗೇ ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಸೋಪಿನ ವಾಸನೆ.

ಗಡಸು ನಲ್ಲಿ ನೀರು ಬೇಡ, ಖನಿಜ ಕಡಿಮೆ ಇರುವ ಬಾಟಲಿ ನೀರು ತನ್ನಿ. 43 ಪರ್ಸೆಂಟ್ ಆಲ್ಕೊಹಾಲ್ ಇರುವ 15 ಎಂಎಲ್‌ಗೆ ಮೂರೂವರೆ ಎಂಎಲ್ ನೀರು ಬಿದ್ದರೆ 35ರ ಆಸುಪಾಸಿಗೆ ಇಳಿಯುತ್ತದೆ; ಪಾಟ್ ಸ್ಟಿಲ್ ಅರಳುವುದು ಅಲ್ಲಿ. ರೈಗೆ ಅದರ ಅರ್ಧ ಸಾಕು, ಹೆಚ್ಚಾದರೆ ಮಸಾಲೆ ಘಾಟು ಸತ್ತುಹೋಗುತ್ತದೆ. ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಪ್ರತಿ ಟೇಬಲ್‌ಗೆ ಒಂದು. ನೀರಿನ ಉಷ್ಣತೆಯಲ್ಲೊಂದು ಸಣ್ಣ ಕೈಚಳಕ ಇದೆ, ಅದು ನನ್ನ ಹತ್ತಿರವೇ ಇರಲಿ.

ತಿನ್ನಲು ಉಪ್ಪಿಲ್ಲದ ಕ್ರ್ಯಾಕರ್. ಕನ್ನಡದವರ ಗುಂಪಿದ್ದರೆ ಯಾರಾದರೂ ಕೋಡುಬಳೆ ತಂದೇ ತರುತ್ತಾರೆ. ಕೊನೆಯ ಗ್ಲಾಸಿನವರೆಗೆ ಡಬ್ಬಿ ಮುಚ್ಚಿಡಿ. ಖಾರದ ಉರಿಗೂ ಆಲ್ಕೊಹಾಲ್‌ನ ಉರಿಗೂ ಬಾಯಲ್ಲಿ ಇರುವುದು ಒಂದೇ ನರದ ಬಾಗಿಲು, ಎರಡೂ ಸೇರಿದರೆ 40 ಪರ್ಸೆಂಟಿನದೂ ಬೆಂಕಿ. ಮೈಸೂರು ಪಾಕನ್ನು ಪಾಟ್ ಸ್ಟಿಲ್ ಜೊತೆ ಇಟ್ಟು ನೋಡಿದೆ: ತುಪ್ಪ ನಾಲಿಗೆಗೆ ಮೆತ್ತಿ ಓಟ್ಸ್ ಕಾಣೆಯಾಯಿತು. ಅದೇ ತುಣುಕು ಕಾನೆಮಾರಾ ಜೊತೆ ಭರ್ಜರಿಯಾಗಿ ಹೊಂದಿತು. ಆರನೇ ಗ್ಲಾಸಾಗಿ ಬೆಂಗಳೂರಿನ 46 ಪರ್ಸೆಂಟಿನ ಅಮೃತ್ ವಿಸ್ಕಿ ಇಟ್ಟ ಪ್ರಯೋಗ ಕೈಬಿಟ್ಟೆ, ಅದರ ಮುಂದೆ ಕಿಲ್‌ಬೆಗನ್ ತೆಳ್ಳಗೆ ಕಂಡಿತು. ಆದರೆ 'ಎಷ್ಟು ವರ್ಷದ್ದು?' ಎಂದು ಪಟ್ಟು ಹಿಡಿಯುವವರಿಗೆ ಬೆಂಗಳೂರಿನ ಉದಾಹರಣೆ ಚೆನ್ನಾಗಿ ನಾಟುತ್ತದೆ: ಅಲ್ಲಿ ಪೀಪಾಯಿಯಿಂದ ವರ್ಷಕ್ಕೆ ಹತ್ತು ಹನ್ನೆರಡು ಪರ್ಸೆಂಟ್ ಆವಿಯಾಗುತ್ತದೆ, ಇಲ್ಲಿ ಐರ್ಲೆಂಡಿನಲ್ಲಿ ಎರಡರ ಸುತ್ತಮುತ್ತ. ವಯಸ್ಸಿನ ಅಂಕಿ ಎರಡೂ ಕಡೆ ಒಂದೇ ಮಾತು ಆಡುವುದಿಲ್ಲ.

ಇನ್ನು ದುಡ್ಡು. ಐದು ಬಾಟಲಿಗೆ ಹತ್ತಿರ ಹತ್ತಿರ 200 ಯೂರೊ. 2022ರ ಜನವರಿಯಿಂದ ಇಲ್ಲಿ ಆಲ್ಕೊಹಾಲ್‌ನ ಗ್ರಾಮಿಗೆ 10 ಸೆಂಟ್ ಕನಿಷ್ಠ ಬೆಲೆ ಇರುವುದರಿಂದ 40 ಪರ್ಸೆಂಟಿನ ಬಾಟಲಿ 22 ಯೂರೊಗಿಂತ ಕೆಳಗೆ ಸಿಗದು, ಆಫರ್‌ಗೆ ಕಾಯುವುದರಲ್ಲಿ ಅರ್ಥವಿಲ್ಲ. ಟಿಕೆಟ್‌ನಲ್ಲಿ ವಿಸ್ಕಿ ಸೇರಿದರೆ ಅದು ಮಾರಾಟವೇ. ಮನೆಯಲ್ಲಿ ಮಾಡಬೇಡಿ, ಲೈಸೆನ್ಸ್ ಇರುವ ಪಬ್ಬಿನ ಮಹಡಿ ಹಿಡಿಯಿರಿ. ಅಡುಗೆಮನೆಯಿಂದ ದೂರದ ಕೋಣೆ ಕೇಳಿ, ಚಿಪ್ಸ್ ಕರಿದ ಎಣ್ಣೆಯ ವಾಸನೆ ಎಲ್ಲವನ್ನೂ ನುಂಗುತ್ತದೆ. ತಲಾ 25 ಯೂರೊ ಇಟ್ಟರೆ 500 ಬರುತ್ತದೆ. ಕೋಣೆ, ಗ್ಲಾಸು ಬಾಡಿಗೆ, ಪಬ್ಬಿನವರ ಪಾಲು ಕಳೆದು ಮೊದಲ ಸಂಜೆ ಅಸಲು, ಅದೇ ಬಾಟಲಿಗಳ ಎರಡನೇ ಸಂಜೆ ಲಾಭ. ನಡುವೆ ತಿಂಗಳ ಅಂತರವಿದ್ದರೆ ಉಳಿದದ್ದನ್ನು ಗಾಳಿ ತಾಗದಂತೆ ಸಣ್ಣ ಬಾಟಲಿಗಳಿಗೆ ಕುತ್ತಿಗೆತನಕ ತುಂಬಿಡಿ.