ಬಾಡಿಗೆಗೆಂದು ಕೊಂಡ ಮೊದಲ ಮನೆ: ಕುಶಾಲನಗರದಲ್ಲಿ ನನ್ನ ಅನುಭವ

ಕೊಡಗಿನ ಸುಂಟಿಕೊಪ್ಪದ ಸಮೀಪ ನಮ್ಮದೊಂದು ಸಣ್ಣ ರೋಬಸ್ಟಾ ಕಾಫಿ ತೋಟವಿದೆ. ಕಾಫಿಯ ಹಣ ಕೊಯ್ಲು ಮುಗಿದು ಚೆರಿ (ಕಾಫಿ ಹಣ್ಣು) ಮಾರಿದ ಮೇಲೆ ವರ್ಷಕ್ಕೊಮ್ಮೆ ಕೈಸೇರುತ್ತದೆ. ಮಕ್ಕಳ ಶುಲ್ಕ, ಕಾರ್ಮಿಕರ ವಾರದ ಬಟವಾಡೆ, ಆಸ್ಪತ್ರೆಯ ಖರ್ಚು ಇವಾವುವೂ ಕೊಯ್ಲಿಗೆ ಕಾಯುವುದಿಲ್ಲ. ತಿಂಗಳು ತಿಂಗಳೂ ಒಂದಿಷ್ಟು ಹಣ ಬರುವ ದಾರಿ ಬೇಕೆಂಬ ಒಂದೇ ಉದ್ದೇಶದಿಂದ, ಒಂದು ಕುಟುಂಬ ವಾಸಿಸಬಹುದಾದ ಬಿಡಿ ಮನೆಯನ್ನು ಬಾಡಿಗೆಗೆಂದೇ ಕೊಳ್ಳಲು ನಿರ್ಧರಿಸಿದೆ. ನೆಂಟರಿಷ್ಟರು ಹೋಂಸ್ಟೇ ಮಾಡಲು ಒತ್ತಾಯಿಸಿದರು. ಆದರೆ 2018ರ ಆಗಸ್ಟ್‌ನ ಭೂಕುಸಿತದ ನಂತರವೂ 2020ರ ಲಾಕ್‌ಡೌನ್‌ನಲ್ಲಿಯೂ ಪ್ರವಾಸಿಗರ ಕೋಣೆಗಳು ಖಾಲಿ ಬಿದ್ದದ್ದನ್ನು ಕಂಡವನಿಗೆ, ಸಂಬಳದಾರ ಬಾಡಿಗೆದಾರನೇ ಹೆಚ್ಚು ನೆಚ್ಚಿಕೆಗೆ ಯೋಗ್ಯನೆನಿಸಿತು.

ಮನೆ ಹುಡುಕುವುದಕ್ಕೆ ಮೊದಲು, ಅದರಲ್ಲಿ ಯಾರು ವಾಸಿಸುತ್ತಾರೆ ಎಂಬುದನ್ನು ಯೋಚಿಸಿದೆ. ಮಡಿಕೇರಿಯಲ್ಲಿ ಜಿಲ್ಲಾ ಕಚೇರಿಗಳೂ ವೈದ್ಯಕೀಯ ಕಾಲೇಜೂ ಇರುವುದರಿಂದ ಬೇಡಿಕೆಗೆ ಕೊರತೆಯಿಲ್ಲ. ಆದರೆ ಇಳಿಜಾರಿನ ನಿವೇಶನ, ಹಿಂಬದಿಯಲ್ಲಿ ಕಡಿದ ಗುಡ್ಡದ ಬರೆ, ತಿಂಗಳುಗಟ್ಟಲೆ ಬಿಡದ ಮಳೆ ಇವು ಮೂರೂ ಸೇರಿ ನಿರ್ವಹಣೆಯ ಖರ್ಚನ್ನು ಏರಿಸುತ್ತವೆ. ಕುಶಾಲನಗರದಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ, ನೆಲವೂ ಸಮತಟ್ಟು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು, ಕೂಡಿಗೆಯ ಸೈನಿಕ ಶಾಲೆಯ ಸಿಬ್ಬಂದಿ, ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಸಂಸ್ಕರಣಾ ಘಟಕಗಳ ನೌಕರರು, ವರ್ಗವಾಗಿ ಬರುವ ಬ್ಯಾಂಕಿನವರು ಇವರೆಲ್ಲ ಎರಡು ಕೋಣೆಯ ಮನೆಯನ್ನೇ ಕೇಳುತ್ತಾರೆ. ಕುಶಾಲನಗರದಲ್ಲಿಯೂ ಒಂದು ಅಪಾಯವಿದೆ: 2018 ಮತ್ತು 2019ರ ಆಗಸ್ಟ್‌ನಲ್ಲಿ ಹೊಳೆ ಬದಿಯ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. ಆದ್ದರಿಂದ ನೋಡಿದ ಪ್ರತಿಯೊಂದು ಬೀದಿಯಲ್ಲೂ ನೆರೆಮನೆಯವರನ್ನು ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದೆ. ಮಾರುವವನು ಹೇಳದ ಸಂಗತಿಯನ್ನು ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲೆ ಕೈಯಿಟ್ಟೇ ತೋರಿಸಿಬಿಡುತ್ತಾರೆ.

ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದು ತೋರಿಸುವ ಮನೆಯನ್ನು ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮತ್ತೊಮ್ಮೆ ನೋಡದೆ ಮುಂಗಡ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಾನು ಕೊಂಡ ಮನೆಯಲ್ಲಿ ಬೀರುವನ್ನು ಪಕ್ಕಕ್ಕೆ ಸರಿಸಿ ಅದರ ಹಿಂದಿನ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದೆ. ತಾರಸಿಯ ಮೂಲೆಗಳಲ್ಲಿ ಪಾಚಿ ಕಟ್ಟಿದೆಯೇ, ಮೇಲಿನ ಶೀಟಿನ ನೀರು ಅದರ ಅಂಚಿನ ದೋಣಿಗೆ ಸರಿಯಾಗಿ ಬೀಳುತ್ತದೆಯೇ, ಪಾಯದ ಸುತ್ತ ನೀರು ನಿಲ್ಲುತ್ತದೆಯೇ ಎಂದು ಸುರಿಯುವ ಮಳೆಯಲ್ಲಿಯೇ ಪರಿಶೀಲಿಸಿದೆ.

ಕೊಡಗಿನಲ್ಲಿ ದಾಖಲೆಪತ್ರಗಳದ್ದೇ ಒಂದು ಪ್ರತ್ಯೇಕ ಅಧ್ಯಾಯ. ಜಮ್ಮಾ ಎಂದರೆ ವಂಶಪಾರಂಪರ್ಯವಾಗಿ ಬಂದ ಜಾಗ; ಅದರಲ್ಲಿ ಒಕ್ಕದ, ಅಂದರೆ ಒಂದೇ ಮನೆತನದ, ಎಲ್ಲರಿಗೂ ಹಕ್ಕಿರುತ್ತದೆ. ಪಹಣಿಯಲ್ಲಿ ಒಕ್ಕದ ಮುಖ್ಯಸ್ಥನಾದ ಪಟ್ಟೆದಾರನ ಹೆಸರು ಕಂಡ ಮಾತ್ರಕ್ಕೆ ಆತನೊಬ್ಬನ ಸಹಿ ಸಾಲದು. ಗದ್ದೆಗೆ ಹೊಂದಿಕೊಂಡಂತೆ ಕೊಟ್ಟಿದ್ದ ಬಾಣೆ ಜಾಗದ ತೊಡಕುಗಳು ಇನ್ನೂ ಬೇರೆ. ಮೊದಲ ಬಾರಿ ಕೊಳ್ಳುವವರು ಈ ಎರಡರಿಂದಲೂ ದೂರವಿರುವುದು ಲೇಸು. ಆದ್ದರಿಂದಲೇ ನಾನು ಕೃಷಿ ಜಾಗ ವಸತಿಗೆಂದು ಭೂಪರಿವರ್ತನೆಯಾಗಿ, ಅನುಮೋದಿತ ಬಡಾವಣೆಯಲ್ಲಿದ್ದು, ಇ-ಖಾತೆ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ) ಇರುವ ಮನೆಗಳನ್ನಷ್ಟೇ ನೋಡಿದೆ. ಆಸ್ತಿಯ ಮೇಲಿನ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರ ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆದು, ವಕೀಲರಿಗೆ ತೋರಿಸಿದ ಮೇಲೆಯೇ ಕರಾರು ಮಾಡಿಕೊಂಡೆ.

ಇನ್ನು ಲೆಕ್ಕದ ಮಾತು. ಮನೆಯ ಬೆಲೆ 42 ಲಕ್ಷ ರೂಪಾಯಿ. 20 ಲಕ್ಷ ಸಾಲ, ಶೇ 8.5ರ ಬಡ್ಡಿ, 15 ವರ್ಷದ ಅವಧಿ. ಕಂತು ತಿಂಗಳಿಗೆ ಸುಮಾರು 19,700 ರೂಪಾಯಿ, ಬಾಡಿಗೆ 14,000 ರೂಪಾಯಿ. ವರ್ಷದ ಬಾಡಿಗೆ ಬೆಲೆಯ ಶೇ 4ರಷ್ಟಾಯಿತು. ಮನೆ ಕಂದಾಯ, ದುರಸ್ತಿ, ಬಾಡಿಗೆದಾರ ಬದಲಾಗುವಾಗ ಖಾಲಿ ಉಳಿಯುವ ತಿಂಗಳು ಇವನ್ನು ಕಳೆದರೆ ಶೇ 3ರ ಆಸುಪಾಸು ಉಳಿಯುತ್ತದೆ. ಬ್ಯಾಂಕಿನ ಠೇವಣಿ ಇದಕ್ಕಿಂತ ಹೆಚ್ಚು ಕೊಡುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಠೇವಣಿಯ ಬಡ್ಡಿ ವರ್ಷ ಕಳೆದಂತೆ ಬೆಳೆಯುವುದಿಲ್ಲ; ಬಾಡಿಗೆ ಪ್ರತಿ ನವೀಕರಣಕ್ಕೂ ಶೇ 5ರಷ್ಟು ಏರುತ್ತದೆ, ನಿವೇಶನದ ಬೆಲೆ ನಮ್ಮದಾಗಿಯೇ ಉಳಿಯುತ್ತದೆ. ಕಂತಿಗೆ ಕಡಿಮೆ ಬೀಳುವ ವರ್ಷದ 68,400 ರೂಪಾಯಿಯನ್ನು ಕಾಫಿ ಹಣ ಬಂದ ವಾರವೇ ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಬಾಡಿಗೆಯೇ ಕಂತನ್ನು ತೀರಿಸುತ್ತದೆಂದು ನಂಬಿ ನಮ್ಮ ಕಡೆ ಸಾಲ ಮಾಡುವುದು ಸಾಧುವಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, ನೋಂದಣಿ ಶುಲ್ಕ ಶೇ 1 ಸೇರಿ ನನಗೆ ಎರಡೂ ಮುಕ್ಕಾಲು ಲಕ್ಷ ದಾಟಿತು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2 ಆಗಿರುವುದರಿಂದ ಈಗ ಕೊಳ್ಳುವವರು ಅದನ್ನೂ ಮೊದಲೇ ಬೆಲೆಗೆ ಸೇರಿಸಿಕೊಳ್ಳಬೇಕು.

ಬಾಡಿಗೆದಾರರಾಗಿ ಉಪನ್ಯಾಸಕ ದಂಪತಿ ಬಂದರು. ಹನ್ನೊಂದು ತಿಂಗಳ ಕರಾರು ಮಾಡಿಕೊಂಡು, ಮುಂಗಡವಾಗಿ ಐದು ತಿಂಗಳ ಬಾಡಿಗೆ ಪಡೆದೆ. ಇನ್ನೂ ಹೆಚ್ಚು ಕೇಳಬಹುದಿತ್ತು. ಆದರೆ ಬಿಟ್ಟುಹೋಗುವಾಗ ಹಿಂದಿರುಗಿಸಬೇಕಾದ ಹಣ ಅದು, ತೋಟಕ್ಕೆ ಗೊಬ್ಬರ ಹಾಕಲು ಬಳಸುವಂತಿಲ್ಲ. “ಮಳೆಗಾಲದಲ್ಲಿ ಸೋರಿದರೆ ಅಂದೇ ಫೋನ್ ಮಾಡಿ ಮೇಡಂ, ತಿಂಗಳ ಕೊನೆಯವರೆಗೆ ಕಾಯಬೇಡಿ,” ಎಂದು ಆ ದಿನವೇ ಹೇಳಿದ್ದೆ. ಅವರು ಹಾಗೆಯೇ ನಡೆದುಕೊಂಡಿದ್ದರಿಂದ ಸಣ್ಣ ಬಿರುಕುಗಳು ಸಣ್ಣ ಖರ್ಚಿನಲ್ಲಿಯೇ ಮುಗಿದಿವೆ. ವಿದ್ಯುತ್ ಮೀಟರ್ ನನ್ನ ಹೆಸರಿನಲ್ಲಿದ್ದರೂ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೇ ಕರಾರು ಪತ್ರದೊಂದಿಗೆ ನೋಂದಾಯಿಸಿಕೊಂಡರು. ಮನೆ ಬಿಡುವಾಗ ತಮ್ಮ ಆಧಾರ್ ಜೋಡಣೆಯನ್ನು ಆ ಮೀಟರಿನ ಆರ್‌ಆರ್ ಸಂಖ್ಯೆಯಿಂದ ರದ್ದುಪಡಿಸಬೇಕೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಸಿದ್ದೇನೆ. ಇಲ್ಲವಾದರೆ ಮುಂದೆ ಬರುವವರಿಗೆ ತೊಂದರೆಯಾಗುತ್ತದೆ.

ತೆರಿಗೆಯ ವಿಷಯದಲ್ಲಿ ಬೆಳೆಗಾರರು ಗಮನಿಸಬೇಕಾದದ್ದೊಂದಿದೆ. ಚೆರಿ ಮಾರಿದ ಹಣ ಕೃಷಿ ಆದಾಯ, ಬಾಡಿಗೆ ಹಾಗಲ್ಲ; ಅದು ಆದಾಯ ತೆರಿಗೆಗೆ ಒಳಪಡುತ್ತದೆ. ಪಾವತಿಸಿದ ಮನೆ ಕಂದಾಯವನ್ನು ಬಾಡಿಗೆಯಿಂದ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಯಾವ ರಸೀದಿಯೂ ಇಲ್ಲದೆ ಕಳೆಯಬಹುದು. ಸಾಲದ ಬಡ್ಡಿಯೂ ಕಳೆಯುತ್ತದೆ. ಆದರೆ ಹೊಸ ತೆರಿಗೆ ಪದ್ಧತಿಯಲ್ಲಿ, ಬಡ್ಡಿಯಿಂದಾಗಿ ಮನೆಯ ಲೆಕ್ಕದಲ್ಲಿ ನಷ್ಟ ಬಂದರೆ ಅದನ್ನು ಸಂಬಳದಂಥ ಬೇರೆ ಆದಾಯಕ್ಕೆ ಹೊಂದಿಸಲು ಬರುವುದಿಲ್ಲ. ನನ್ನ ಪತ್ನಿ ಶಿಕ್ಷಕಿಯಾದ್ದರಿಂದ ಮನೆಯನ್ನು ಯಾರ ಹೆಸರಿನಲ್ಲಿ ಕೊಳ್ಳಬೇಕೆಂಬುದನ್ನು ಲೆಕ್ಕಪರಿಶೋಧಕರೊಂದಿಗೆ ಕುಳಿತು ನೋಂದಣಿಗೆ ಮೊದಲೇ ತೀರ್ಮಾನಿಸಿದೆವು. ಎರಡನೆಯ ಮನೆಯ ಮಾತು ಈಗಾಗಲೇ ಮನೆಯಲ್ಲಿ ಎದ್ದಿದೆ. ಬಾಡಿಗೆ ಕಂತಿನ ಮಟ್ಟಕ್ಕೆ ಬರುವವರೆಗೆ, ಅಥವಾ ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಅಸಲಿನಲ್ಲಿ ದೊಡ್ಡ ಪಾಲು ತೀರಿಸುವವರೆಗೆ, ಅದನ್ನು ಮುಂದೂಡಿದ್ದೇನೆ.